ನಿಮಗಿದು ಗೊತ್ತೇ? ಒಂದು ಸೊಲ್ಲಗೆ ಎಣ್ಣೆ, ಒಂದು ರೊಟ್ಟಿ, ಒಂದು ಜೊತೆ ಕಣ್ಣು

ದೇಗಾಂವ ಎಂಬ ಊರೇ ಒಂದು ಕಾಲಕ್ಕೆ ದಾನವಾಗಿ ಹೋಗಿತ್ತು, ಗೊತ್ತೇ? ಕಿತ್ತೂರಿಗೆ ಹತ್ತಿರದ ಈ ಊರಲ್ಲಿ ಕಮಲನಾರಾಯಣ ಗುಡಿ ಇದೆ. ಗೋವೆಯ ಕದಂಬ ದೊರೆ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ್ದು, ಕೆತ್ತಿದ ಶಿಲ್ಪಿಯ ಹೆಸರು ತಿಪ್ಪೋಜ. 1174ರ ಸುಮಾರಿನ ಶಾಸನದಲ್ಲಿ ಈ ಊರು ದೇಗಾಂವೆ. ರಾಣಿ ಕೇಳಿದಳು, ದೊರೆ ಊರನ್ನು ಅಗ್ರಹಾರವಾಗಿ ಧಾರೆ ಎರೆದ. ಮೂರು ಗರ್ಭಗುಡಿಗಳ ಆ ಕಪ್ಪು ಕಲ್ಲಿನ ಗುಡಿಯನ್ನು ನೋಡಲು ಹೋದವರು ಶಿಲ್ಪ ನೋಡಿ ಹೊರಟುಬಿಡುತ್ತಾರೆ. ಈ ಗುಡಿಯ ಹಿಂದೆ ಒಬ್ಬ ಹೆಣ್ಣುಮಗಳ ದೇಣಿಗೆಯ ದಾಖಲೆ ಇದೆ ಎಂಬುದನ್ನೂ ನೆನೆದು ಹೊರಡಬೇಕು.

ಕನ್ನಡ ನಾಡಿನ ಸಾವಿರಾರು ಶಾಸನಗಳಲ್ಲಿ ದೊಡ್ಡ ಪಾಲು ಯುದ್ಧದ ವರದಿಗಳಲ್ಲ, ದಾನಪತ್ರಗಳು. ಅವುಗಳಲ್ಲಿ ಅರಸರಷ್ಟೇ ಇಲ್ಲ. ಗಾಣಿಗರು ಗಾಣಕ್ಕೊಂದು ಸೊಲ್ಲಗೆ ಎಣ್ಣೆ ಬರೆಸಿದ್ದಾರೆ. ಎಲೆ ಮಾರುವವರು ಹೇರಿಗೆ ಇಷ್ಟು ಎಲೆ ಎಂದಿದ್ದಾರೆ, ವ್ಯಾಪಾರಿಗಳು ಸರಕಿನ ಮೇಲೆ ಒಂದಿಷ್ಟು ಪಾಲು ಬಿಟ್ಟಿದ್ದಾರೆ. ಸೊಲ್ಲಗೆ ಎಂದರೆ ಒಂದು ಸಣ್ಣ ಅಳತೆ. ಎಂಟು ನೂರು ವರ್ಷದ ಕಲ್ಲಿನ ಮೇಲೆ ಅಷ್ಟು ಸಣ್ಣ ಕೊಡುಗೆಗೂ ಜಾಗ ಸಿಕ್ಕಿದೆ. ಅದನ್ನು ಹಾಳು ಮಾಡಿದವರಿಗೆ ಯಾವ ಪಾಪ ಸುತ್ತಿಕೊಳ್ಳುತ್ತದೆ ಎಂಬ ಶಾಪಾಶಯವೂ ಕೊನೆಗೆ ಇರುತ್ತದೆ. ಇಂದಿನ ಟ್ರಸ್ಟಿನ ಲೆಕ್ಕಪರಿಶೋಧನೆಗೆ ಅಂದಿನವರು ಕಂಡುಕೊಂಡ ದಾರಿ ಅದು.

ಈ ಶಾಸನಗಳನ್ನು ಮೊದಲು ರಾಶಿ ಹಾಕಿದವರಲ್ಲಿ ಒಬ್ಬ ಕಿತ್ತೂರಿನ ಸೆರೆಯಾಳು! 1824ರ ಅಕ್ಟೋಬರ್ 23ರಂದು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕದನದಲ್ಲಿ ಸತ್ತಾಗ ಅವನ ಜೊತೆಗಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳು ರಾಣಿ ಚನ್ನಮ್ಮನ ಕೈಗೆ ಸಿಕ್ಕರು. ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ 21ರ ತರುಣ ವಾಲ್ಟರ್ ಎಲಿಯಟ್. ಕದನದ ಬಿಸಿ ಆರಿರಲಿಲ್ಲ, ಆದರೂ ಇಬ್ಬರೂ ಜೀವಂತವಾಗಿ ಬಿಡುಗಡೆಯಾದರು. ಮುಂದೆ ಎಲಿಯಟ್ ಈ ಭಾಗದ ಊರೂರಿನ ಶಾಸನಗಳನ್ನು ನಕಲು ಮಾಡಿಸಿದ. ಅವನ ಸಂಗ್ರಹ 595ರಷ್ಟಾಯಿತು. ಹಗೆಯ ಪಾಳೆಯದ ಹುಡುಗನ ಜೀವ ಉಳಿಸಿದ್ದರಿಂದ ನಮ್ಮ ಹಿರಿಯರು ಯಾರಿಗೆ ಏನು ಕೊಟ್ಟಿದ್ದರು ಎಂಬ ಲೆಕ್ಕವೂ ಉಳಿಯಿತು.

ಬೇಸಿಗೆಯಲ್ಲಿ ಬಸ್ ನಿಲ್ದಾಣದ ಹತ್ತಿರ ಮಣ್ಣಿನ ಹರವಿ ಇಟ್ಟು ನೀರು ಕೊಡುವ ‘ಅರವಟ್ಟಿಗೆ’ ಶಾಸನಗಳಲ್ಲೂ ಬರುವ ಮಾತು. ಮೊದಲಿನ ‘ಅರ’ಕ್ಕೆ ಹಳಗನ್ನಡದಲ್ಲಿ ಧರ್ಮ ಎಂದು ಅರ್ಥ.

ಕಿತ್ತೂರು, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ದೇಣಿಗೆ ಕೂಡಿಸುವುದಕ್ಕೆ ‘ಪಟ್ಟಿ ಎತ್ತುವುದು’ ಎನ್ನುತ್ತಾರೆ. ಗಡಿ ಕಡೆ ಅದೇ ‘ವರ್ಗಣಿ’. ಜಂಗಮರು ಮನೆ ಮನೆಗೆ ಹೋಗುವುದು ‘ಕಂತಿ ಭಿಕ್ಷೆ’. ಕಣದಲ್ಲಿ ರಾಶಿ ಆದ ಮೇಲೆ ಬಡಿಗ, ಕಮ್ಮಾರ, ಕುಂಬಾರರಿಗೆ ಅಳೆಯುವುದು ‘ಆಯ’. ಮದುವೆ ಮನೆಯಲ್ಲಿ ಕೊಟ್ಟಿದ್ದು ‘ಆಹೇರ’, ಅದನ್ನು ಬರೆದಿಡಲು ಒಂದು ವಹಿ. ಹೊಲದ ಕೆಲಸಕ್ಕೆ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ದುಡಿಯುವುದು ‘ಮುಯ್ಯಾಳು’. ಆಹೇರ, ಮುಯ್ಯಾಳು ಎರಡೂ ತಿರುಗಿ ಬರುವಂಥವು, ಆಯ ದುಡಿಮೆಯ ಪಾಲು. ಗುರುತಿಲ್ಲದವನಿಗೆ ಕೊಟ್ಟಿದ್ದಕ್ಕೆ ಮಾತ್ರ ಯಾವ ವಹಿಯೂ ಇಲ್ಲ.

ಎಳ್ಳಮವಾಸ್ಯೆಯ ದಿನ ಬೈಲಹೊಂಗಲ, ಸವದತ್ತಿ ಕಡೆಯ ಹೊಲದ ದಾರಿಯಲ್ಲಿ ನಡೆದು ನೋಡಿದ್ದೀರಾ? ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಪಲ್ಯದ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಚಕ್ಕಡಿಯಲ್ಲಿ ಹೊಲಕ್ಕೆ ಬರುತ್ತಾರೆ. ಮೊದಲು ‘ಚರಗ ಚೆಲ್ಲುವುದು’, ಅಂದರೆ ಅಡುಗೆಯ ತುತ್ತನ್ನು ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಎರಚುವುದು. ಭೂತಾಯಿ, ಹಕ್ಕಿ, ಹುಳ ಎಲ್ಲರ ಪಾಲು ಅದರಲ್ಲಿದೆ. ಆಮೇಲೆ ಊಟ. ಆ ಹೊತ್ತಿಗೆ ಬದುವಿನ ಮೇಲೆ ಹೊರಟವನು ಯಾರೇ ಆಗಲಿ, ಕರೆದು ಕೂಡಿಸದೆ ಬಿಡುವುದಿಲ್ಲ.

ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ‘ಪರಡಿ ತುಂಬುವುದು’ ಎಂಬ ಸೇವೆ ಇದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಬಂದವರು ಗುಡ್ಡದ ಬಯಲಲ್ಲೇ ಒಲೆ ಹೂಡಿ, ಹೋಳಿಗೆ, ಕಡುಬು, ಪಲ್ಯ ಮಾಡಿ, ಜೋಗಮ್ಮನ ಪರಡಿಗೆ, ಅಂದರೆ ಬುಟ್ಟಿಗೆ, ಎಡೆ ಹಾಕಿಯೇ ತಾವು ಉಣ್ಣುತ್ತಾರೆ. ಕೊಲ್ಲಾಪುರದ ಕಡೆಯಿಂದ ಬಂದವರ ಒಲೆಗೂ ಹಾವೇರಿಯಿಂದ ಬಂದವರ ಒಲೆಗೂ ನಡುವೆ ನಾಲ್ಕು ಮಾರು ಅಂತರ. ಮಾತು ಬೇರೆಯಾದರೂ ಪಲ್ಯದ ಬೋಗುಣಿ ಅತ್ತಿಂದಿತ್ತ ಓಡಾಡುತ್ತಿರುತ್ತದೆ.

ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸವೇನು? ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ, ಉಂಡವನು ಒಡೆಯ. 12ನೇ ಶತಮಾನದ ಕಲ್ಯಾಣದ ಶರಣರು ಮಾಡಿದ ಬದಲಾವಣೆ ಇದು. ಶರಣ ಪರಂಪರೆಯ ಆಯ್ದಕ್ಕಿ ಮಾರಯ್ಯನ ಕಥೆ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದವನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ‘ಇದು ನಮ್ಮದಲ್ಲ, ಹೋಗಿ ಅಲ್ಲೇ ಸುರಿದು ಬಾ’ ಎಂದು ತಿರುಗಿ ಕಳಿಸಿದಳು. ಕೊಡುವುದಕ್ಕೂ ಒಂದು ಮಿತಿ ಇರಬೇಕು, ಕೂಡಿಟ್ಟು ಕೊಡುವುದೂ ಆಸೆಯೇ ಎಂದು ಕಂಡವಳು ಅವಳು.

ಆ ಕಾಲದ ಗುರುತು ನಮ್ಮ ಭಾಗದಲ್ಲೇ ಇದೆ. ಕಲ್ಯಾಣ ಬಿಟ್ಟ ಶರಣರು ಉಳವಿಯ ಕಡೆ ನಡೆದದ್ದು ಈ ಸೀಮೆಯ ಮೇಲೆಯೇ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಹರಿವಿನಲ್ಲೇ ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಇಂದಿಗೂ ಭರತ ಹುಣ್ಣಿಮೆಯ ಉಳವಿ ಜಾತ್ರೆಗೆ ಬೆಳಗಾವಿ, ಧಾರವಾಡದ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುತ್ತಾರೆ. ದಾರಿಯ ಊರುಗಳವರು ಜನಕ್ಕೆ ಊಟ, ಎತ್ತುಗಳಿಗೆ ಮೇವು, ನೀರು ಇಟ್ಟು ಕಾಯುತ್ತಾರೆ. ಎತ್ತಿಗೂ ಅತಿಥಿಸತ್ಕಾರ ಮಾಡುವ ದಾರಿ ಎಂದು ನನಗೆ ಈ ಉಳವಿ ಹಾದಿಯ ಮೇಲೆ ವಿಶೇಷ ಪ್ರೀತಿ.

ಗದಗ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿ ಜಾತ್ರೆಯೇ ನಡೆಯುತ್ತದೆ. ಮನೆಮನೆಯಿಂದ ಬಂದ ಜೋಳದ ರೊಟ್ಟಿ, ಜೊತೆಗೆ ಕರಿಂಡಿ. ಜಾತಿ ಕೇಳದೆ ಎಲ್ಲರೂ ಕೂಡಿ ಉಣ್ಣುವುದೇ ಜಾತ್ರೆಯ ತಿರುಳು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಮೆರವಣಿಗೆಯಲ್ಲಿ ಬರುತ್ತದೆ, ಲೆಕ್ಕ ಲಕ್ಷಗಳಲ್ಲಿ.

ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಬೇಡಿದ್ದು ಕಾಳಲ್ಲ, ಕಾಸಲ್ಲ. ‘ನಿಮ್ಮ ದುಶ್ಚಟ ಹಾಕಿ’ ಎಂದರು. ಜನ ಬೀಡಿ ಕಟ್ಟು, ತಂಬಾಕಿನ ಚೀಲ ಹಾಕಿದರು. ಅದು ‘ಮಹಾಂತ ಜೋಳಿಗೆ’. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ‘ವ್ಯಸನಮುಕ್ತ ದಿನ’ವಾಗಿ ಆಚರಿಸುತ್ತದೆ.

ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರಿನ ಹಿಂದಿರುವ ಮನುಷ್ಯ ಸವದತ್ತಿ ತಾಲ್ಲೂಕಿನವರು ಎಂಬುದು ಅಲ್ಲಿ ಓದಿದ ಎಷ್ಟು ಜನರಿಗೆ ಗೊತ್ತಿದೆಯೋ! ಶಿರಸಂಗಿಯ ಲಿಂಗರಾಜ ದೇಸಾಯಿ. ಹುಟ್ಟಿದ್ದು 1861ರ ಜನವರಿ 10, ಶಿಗ್ಲಿಯಲ್ಲಿ. ಆಗಿನ ಹೆಸರು ರಾಮಪ್ಪ. ಶಿರಸಂಗಿ ಮನೆತನಕ್ಕೆ ದತ್ತು ಬಂದು ಲಿಂಗರಾಜರಾದರು. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರು. 1906ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಉಯಿಲು ಬರೆದಾಗಿತ್ತು: ನವಲಗುಂದ–ಶಿರಸಂಗಿ ಸಂಸ್ಥಾನದ ಆಸ್ತಿ ಸಮಾಜದ ಮಕ್ಕಳ ಓದಿಗೆ. ಆ ದುಡ್ಡಿನಲ್ಲಿ ಯಾವ ಹುಡುಗ ಓದುತ್ತಾನೆ ಎಂದು ಅವರಿಗೆ ಗೊತ್ತಿರಲಿಲ್ಲ. ತಮ್ಮ ಮುಖ ನೋಡಿರದ, ಇನ್ನೂ ಹುಟ್ಟಿರದ ಮಕ್ಕಳಿಗೆ ಒಂದು ದೇಸಗತಿಯನ್ನೇ ಬರೆದುಕೊಟ್ಟಿದ್ದರು.

ಅವರು ಹೋಗಿ ಹತ್ತು ವರ್ಷಕ್ಕೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಜನ ಸೇರಿ ಕೆ.ಎಲ್.ಇ. ಸಂಸ್ಥೆಯ ಮೊದಲ ಶಾಲೆ ತೆರೆದರು. ಕೈಯಲ್ಲಿ ಬಂಡವಾಳ ಇರಲಿಲ್ಲ, ದಾನಿಗಳ ಬಾಗಿಲು ತಟ್ಟುವ ಧೈರ್ಯ ಇತ್ತು. ನಮ್ಮವರು ಅವರನ್ನು ಸಪ್ತರ್ಷಿಗಳು ಎನ್ನುತ್ತಾರೆ.

ನಾಗನೂರು ರುದ್ರಾಕ್ಷಿಮಠದ ಡಾ. ಶಿವಬಸವ ಸ್ವಾಮೀಜಿ ಬೆಳಗಾವಿಯಲ್ಲಿ ಹಳ್ಳಿ ಹುಡುಗರಿಗೆ ಉಚಿತ ಪ್ರಸಾದ ನಿಲಯ ತೆರೆದದ್ದು 1932ರಲ್ಲಿ. ಶಾಲೆ ಇದ್ದರೆ ಸಾಲದು, ಹುಡುಗ ಎರಡು ಹೊತ್ತು ಉಣ್ಣುವುದೆಲ್ಲಿ ಎಂಬುದನ್ನೂ ಯಾರಾದರೂ ಯೋಚಿಸಬೇಕಿತ್ತು.

1924ರ ಡಿಸೆಂಬರಿನ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಬರುವ ಹೊರಊರಿನ ಜನರ ದಾಹಕ್ಕೆಂದು ತೋಡಿದ ಬಾವಿ ಇಂದಿಗೂ ಊರಿನ ನಡುವೆ ಇದೆ. ಹೆಸರು ಕಾಂಗ್ರೆಸ್ ಬಾವಿ.

ಕಥೆಗಾರ್ತಿ ಕೊಡಗಿನ ಗೌರಮ್ಮ 1934ರಲ್ಲಿ ಗಾಂಧೀಜಿ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಹಿಡಿದರು. ಬಂದಾಗ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಗೆ ಒಮ್ಮೆ ಹೋಗೋಣ. ಕಿಳಿಂಗಾರಿನ ಸಾಯಿರಾಂ ಭಟ್ಟರು ಕಾಶಿಗೆ ಹೋಗಲು ದುಡ್ಡು ಕೂಡಿಟ್ಟಿದ್ದರು. 1995ರಲ್ಲಿ ಮಳೆಗೆ ಗುಡಿಸಲು ಕಳೆದುಕೊಂಡ ನೆರೆಯ ಬಡವನೊಬ್ಬ, ಬೇರೆ ಧರ್ಮದವನು, ಗುಡಿಸಲು ಎಬ್ಬಿಸಲು ನಾಲ್ಕು ಬಿದಿರು ಕೇಳಿಕೊಂಡು ಬಂದ. ಭಟ್ಟರು ಬಿದಿರು ಕೊಡಲಿಲ್ಲ, ಕಾಶಿಯ ದುಡ್ಡಿನಲ್ಲಿ ಮನೆಯನ್ನೇ ಕಟ್ಟಿಸಿಕೊಟ್ಟರು. ಆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2022ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಟ್ಟಿಸಿದ ಮನೆಗಳು ಇನ್ನೂರೈವತ್ತನ್ನು ದಾಟಿದ್ದವು.

ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಎರಡು ಎಕರೆ ಜಮೀನನ್ನು ಸರ್ಕಾರಿ ಶಾಲೆಗೆ ಬಿಟ್ಟುಕೊಟ್ಟರು, ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ನಿಂತರು. 2023ರ ರಾಜ್ಯೋತ್ಸವ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಮಂಗಳೂರಿನ ಹರೇಕಳ ಹಾಜಬ್ಬ ಬುಟ್ಟಿಯಲ್ಲಿ ಕಿತ್ತಳೆ ಮಾರಿದ ದುಡ್ಡಿನಿಂದ ಊರಿಗೆ ಶಾಲೆ ತಂದರು, ಪದ್ಮಶ್ರೀ ಪಡೆಯಲು ಹೋದದ್ದು ಬರಿಗಾಲಲ್ಲಿ.

ಇನ್ನು 2019ರ ಆಗಸ್ಟ್. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಒಟ್ಟಿಗೆ ಉಕ್ಕಿದ ತಿಂಗಳು. ಸವದತ್ತಿಯ ಹತ್ತಿರದ ನವಿಲುತೀರ್ಥ ಅಣೆಕಟ್ಟಿನ ರೇಣುಕಾ ಸಾಗರ 37.73 ಟಿಎಂಸಿ ಅಡಿ ಹಿಡಿಯುತ್ತದೆ. ಅದು ತುಂಬಿ ಬಾಗಿಲು ತೆಗೆದರೆ ಕೆಳಗೆ ರಾಮದುರ್ಗದ ತಗ್ಗಿನ ಓಣಿಗಳಿಗೆ ನೀರು. ಆಗ ರಾಜ್ಯದ ಮೂಲೆಮೂಲೆಯಿಂದ ಲಾರಿಗಳು ಈ ಕಡೆ ಮುಖ ಮಾಡಿದವು. ಅವುಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಯಾವುದು ಎಂದು ಯೋಚಿಸಿದ್ದೀರಾ? ಕಟಕ ರೊಟ್ಟಿ. ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿದ ಜೋಳದ ರೊಟ್ಟಿಯಲ್ಲಿ ನೀರಿನ ಪಸೆ ಉಳಿದಿರುವುದಿಲ್ಲ, ಅದಕ್ಕೇ ಬೂಸ್ಟು ಹಿಡಿಯುವುದಿಲ್ಲ. ವಾರಗಟ್ಟಲೆ ಇಟ್ಟರೂ ಕೆಡದು. ಒಲೆ ಬೇಡ, ಉರುವಲು ಬೇಡ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದರೆ ಗಂಜಿಕೇಂದ್ರದಲ್ಲಿ ಮಲಗಿದ ಮುದುಕಿಗೂ ತನ್ನ ಮನೆಯ ಊಟವೇ ಸಿಕ್ಕಂತೆ. ಮನೆಗಿಷ್ಟು ಎಂದು ಹೊಂದಿಸಿ ಹಳ್ಳಿಯ ಹೆಣ್ಣುಮಕ್ಕಳು ಬಡಿದುಕೊಟ್ಟ ರೊಟ್ಟಿ ಅದು. ಬರಗಾಲದ ಸೀಮೆ ಬದುಕಲು ಕಲಿತ ಅಡುಗೆ ನೆರೆಯಲ್ಲಿ ಕೈಹಿಡಿಯಿತು.

ಬೇಡವಾದದ್ದು ಯಾವುದು ಗೊತ್ತೇ? ಹಳೆ ಬಟ್ಟೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆ ಬದಿಯಲ್ಲಿ ಹಳೆ ಬಟ್ಟೆಯ ಗುಡ್ಡೆಗಳೇ ಬಿದ್ದಿದ್ದವು. 1999ರಲ್ಲಿ ಅಂಶು ಗುಪ್ತಾ ಶುರು ಮಾಡಿದ ಗೂಂಜ್ ಸಂಸ್ಥೆ ಇಂಥ ಬಟ್ಟೆಯನ್ನು ವಿಂಗಡಿಸಿ, ತೊಳೆದು, ತೊಡಲಾಗದ್ದನ್ನು ಹೆಣ್ಣುಮಕ್ಕಳ ಮುಟ್ಟಿನ ಬಟ್ಟೆಯಾಗಿ, ಕೌದಿಯಂಥ ಹಾಸಿಗೆಯಾಗಿ ಹೊಲಿಸುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೆರೆಯ ಮೊದಲ ವಾರದಲ್ಲಿ ಬೇಕಾಗುವುದು ಹೊಸ ಒಳ ಉಡುಪು, ಪ್ಯಾಡು, ಚಾದರ, ಟಾರ್ಚು, ಸೊಳ್ಳೆಪರದೆ. ನೀರಿಳಿದ ಮೇಲೆ ಕೇಳುವುದು ಪಾತ್ರೆ, ಮಕ್ಕಳ ಪಾಟಿಚೀಲ, ದನಗಳಿಗೆ ಮೇವು. ಲಾರಿ ತುಂಬುವ ಮುನ್ನ ಅಲ್ಲಿಗೆ ಒಂದು ಫೋನ್ ಹಚ್ಚಿ ‘ಏನು ಬೇಕ್ರಿ?’ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು.

ದುಡ್ಡು ಕೊಡುವವರಿಗೂ ಒಂದು ಮಾತು: ಆದಾಯ ತೆರಿಗೆಯ ದೇಣಿಗೆ ವಿನಾಯಿತಿಗೆ ನಗದಾಗಿ ಕೊಟ್ಟರೆ ₹2,000 ಮಿತಿ. ಅದಕ್ಕಿಂತ ಹೆಚ್ಚಾದರೆ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು. ಅಕ್ಕಿ, ಬಟ್ಟೆ ಕೊಟ್ಟದ್ದಕ್ಕೆ ವಿನಾಯಿತಿ ಇಲ್ಲ.

1847ರಲ್ಲಿ ಐರ್ಲೆಂಡಿನ ಬರಗಾಲದ ಸುದ್ದಿ ಕೇಳಿ ಅಮೆರಿಕದ ಚೊಕ್ಟಾ ಬುಡಕಟ್ಟಿನವರು 170 ಡಾಲರ್ ಕೂಡಿಸಿ ಕಳಿಸಿದರು. ತಾವೇ ನೆಲ ಕಳೆದುಕೊಂಡು ಗುಳೆ ಹೊರಟು, ದಾರಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿದ್ದವರು ಅವರು. 2020ರಲ್ಲಿ ಕೋವಿಡ್‌ನಲ್ಲಿ ನಲುಗಿದ ನವಾಹೊ, ಹೋಪಿ ಬುಡಕಟ್ಟಿಗೆ ಐರಿಷ್ ಜನ ಆ ನೆನಪಿನಲ್ಲಿ ದೇಣಿಗೆಯ ಹೊಳೆ ಹರಿಸಿದರು. 173 ವರ್ಷದ ಮುಯ್ಯಿ.

ರಕ್ತದಾನದ ಮಾತಿಗೆ ಬರೋಣ. 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇದ್ದರೆ ಕೊಡಬಹುದು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ಕೆಂಪು ಕಣಗಳು ಒಂದು ತಿಂಗಳ ಮೇಲೆ ಸ್ವಲ್ಪ ದಿನ ಉಳಿದರೆ ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಹಾಗಾಗಿ ಯಾವುದೋ ಜಯಂತಿಯ ದಿನ ನೂರಾರು ಜನ ಒಮ್ಮೆಲೇ ಕೊಟ್ಟು ವರ್ಷವಿಡೀ ಸುಮ್ಮನಿರುವುದಕ್ಕಿಂತ, ಹತ್ತು ಜನ ಪಾಳಿಯಂತೆ ಕೊಡುವುದು ಡೆಂಗಿ ಬಂದ ಮಗುವಿಗೆ ಹೆಚ್ಚು ಉಪಯೋಗ.

‘ಬಾಂಬೆ’ ರಕ್ತ ಗುಂಪಿನವರಿಗೆ ‘ಓ’ ರಕ್ತವೂ ಒಗ್ಗದು. 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೇಂಡೆ ಕಂಡುಹಿಡಿದ ಗುಂಪಿದು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಈ ಅಪರೂಪದ ದಾನಿಗಳ ಪಟ್ಟಿ ಇಟ್ಟುಕೊಂಡಿದೆ. ಒಬ್ಬ ಅಪರಿಚಿತನಿಗಾಗಿ ಇನ್ನೊಬ್ಬ ಊರಿಂದೂರಿಗೆ ಹೋಗಿ ರಕ್ತ ಕೊಡಬೇಕಾಗುತ್ತದೆ.

ಇನ್ನು ಬೈಲಹೊಂಗಲದ ಒಂದು ಸಂಗತಿ. ಇದನ್ನು ಬರೆಯುವಾಗ ಪ್ರತಿ ಸಲವೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹ ವೈದ್ಯ ವಿದ್ಯಾರ್ಥಿಗಳ ಕಲಿಕೆಗೆ ಸಲ್ಲಬೇಕೆಂದು ಬಯಸಿದ್ದರು. 2008ರ ನವೆಂಬರಿನಲ್ಲಿ ತೀರಿಕೊಂಡರು, ದೇಹ ದಾನವಾಯಿತು. ಎರಡು ವರ್ಷದ ನಂತರ, 2010ರ ನವೆಂಬರಿನಲ್ಲಿ, ಬೆಳಗಾವಿಯ ಕೆ.ಎಲ್.ಇ. ಆಯುರ್ವೇದ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಎದುರು ಆ ದೇಹವನ್ನು ಛೇದಿಸಿ ಪಾಠ ಮಾಡಿದವರು ಶರೀರರಚನಾ ಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ. ಅವರ ಮಗ. ತಿಥಿಯ ದಿನ ಮಗ ಎಡೆ ಇಡುವ ನಾಡಿನಲ್ಲಿ ಈ ಮಗ ತಂದೆಯ ಆಸೆಯನ್ನು ಹೀಗೆ ಸಲ್ಲಿಸಿದರು. ಆಮೇಲೆ ಟ್ರಸ್ಟ್ ಕಟ್ಟಿ, ದೇಹ, ಕಣ್ಣು, ಚರ್ಮ ದಾನದ ಮಾತನ್ನು ಊರೂರಿಗೆ ಒಯ್ದರು. ‘ಮಣ್ಣು ಮಾಡುವ’ ಸಂಪ್ರದಾಯದ ಈ ಸೀಮೆಯಲ್ಲಿ ಮನೆಮಂದಿಯನ್ನು ಒಪ್ಪಿಸುವುದು ಹಗುರ ಕೆಲಸವಲ್ಲ.

ಕಣ್ಣುದಾನಕ್ಕೆ ಇರುವುದು ಆರು ಗಂಟೆ. ಅಷ್ಟರೊಳಗೆ ನೇತ್ರ ಭಂಡಾರದವರು ಬರಬೇಕು. ಅವರು ಬರುವ ತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಅರಿವೆ ಇಡಬೇಕು, ಫ್ಯಾನ್ ಆರಿಸಬೇಕು, ತಲೆಯನ್ನು ಕೊಂಚ ಎತ್ತರದಲ್ಲಿಡಬೇಕು. ಕೆಲಸ ಇಪ್ಪತ್ತು ನಿಮಿಷದ್ದು, ಮುಖ ಕೆಡುವುದಿಲ್ಲ. ಚಾಳೀಸು ಹಾಕುತ್ತಿದ್ದವರೂ ಕೊಡಬಹುದು, ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಕೊಡಬಹುದು. ಬದುಕಿದ್ದಾಗ ಬರೆದುಕೊಟ್ಟಿದ್ದರೂ ಕೊನೆಗೆ ಫೋನ್ ಮಾಡಬೇಕಾದವರು ಮನೆಯವರೇ.

ಚರ್ಮವನ್ನೂ ಕೊಡಬಹುದು. ತೊಡೆ, ಬೆನ್ನಿನ ಮೇಲಿನ ತೆಳು ಪದರ ಮಾತ್ರ ತೆಗೆಯುತ್ತಾರೆ. ರಕ್ತದ ಗುಂಪು ಹೊಂದಬೇಕಿಲ್ಲ. ಗ್ಲಿಸರಾಲಿನಲ್ಲಿ ಐದು ವರ್ಷದ ತನಕ ಕೆಡದೆ ಇರುತ್ತದೆ. ಸ್ಟೋವ್ ಸಿಡಿದು, ಗ್ಯಾಸ್ ಹೊತ್ತಿ ಸುಟ್ಟವರ ಗಾಯಕ್ಕೆ ಅದು ಹೊದಿಕೆ. ಬೆಳಗಾವಿಯಲ್ಲೇ ಚರ್ಮ ಭಂಡಾರ ಇದೆ.

ಡಾ. ರಾಜ್‌ಕುಮಾರ್ ಕಣ್ಣು ಇಬ್ಬರಿಗೆ ಬೆಳಕಾದದ್ದು 2006ರ ಏಪ್ರಿಲಿನಲ್ಲಿ. 2021ರ ಅಕ್ಟೋಬರಿನಲ್ಲಿ ಅವರ ಮಗ ಪುನೀತ್ ಕಣ್ಣು ನಾಲ್ವರಿಗೆ. ಹೇಗೆಂದರೆ ಕಾರ್ನಿಯಾದ ಮುಂಪದರ, ಹಿಂಪದರಗಳನ್ನು ಬೇರ್ಪಡಿಸಿ ಬೇರೆ ಬೇರೆಯವರಿಗೆ ಜೋಡಿಸಿದರು.

ಕೊನೆಗೆ ರಸ್ತೆ. ಕಿತ್ತೂರಿನ ಮಗ್ಗುಲಲ್ಲೇ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಅಪಘಾತ ಕಂಡಾಗ ‘ಪೊಲೀಸ್, ಕೋರ್ಟು ಯಾರಿಗೆ ಬೇಕು’ ಎಂದು ಮುಂದೆ ಸಾಗಬೇಕಾಗಿಲ್ಲ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಗೆ ಮುದ್ರೆ ಒತ್ತಿತು. ಇದಕ್ಕಾಗಿಯೇ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಿಂದ ದೇಶದ ಮೋಟಾರು ವಾಹನ ಕಾಯ್ದೆಯಲ್ಲೂ 134ಎ ಕಲಮು ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ದುಡ್ಡು ಕಟ್ಟಬೇಕಿಲ್ಲ. ಆಂಬುಲೆನ್ಸ್‌ಗೆ 108, ಹೆದ್ದಾರಿಯ ನೆರವಿಗೆ 1033, ಯಾವುದೂ ನೆನಪಿಗೆ ಬಾರದಿದ್ದರೆ 112.

ಇದೇ ಹೆದ್ದಾರಿಯಲ್ಲಿ, ಬೆಂಗಳೂರಿನ ಹತ್ತಿರದ ನೆಲಮಂಗಲದ ಬಳಿ, 2016ರ ಫೆಬ್ರವರಿ 16ರಂದು ಹರೀಶ್ ಎಂಬ ತರುಣನ ಬೈಕಿಗೆ ಲಾರಿ ಬಡಿಯಿತು. ಪ್ರಾಣ ಉಳಿಯುವಂತಿರಲಿಲ್ಲ. ಸುತ್ತ ನೆರೆದ, ಹೆಸರೂ ಗೊತ್ತಿಲ್ಲದ ಜನರಿಗೆ ಆತ ಹೇಳಿದ್ದು ತನ್ನ ಅಂಗಾಂಗ ದಾನ ಮಾಡಿಸಿ ಎಂದು. ತಿಂಗಳು ತುಂಬುವ ಮೊದಲೇ ಸರ್ಕಾರ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ₹25,000 ತನಕ ಉಚಿತ ಚಿಕಿತ್ಸೆ ಕೊಡುವ ಯೋಜನೆ ತಂದು ಅದಕ್ಕೆ ಅವರ ಹೆಸರಿಟ್ಟಿತು. ಹರೀಶ್ ಹೆಲ್ಮೆಟ್ ಹಾಕಿದ್ದರು. ಎರಡೂ ಕಣ್ಣು ಕೆಡದೆ ಉಳಿದಿದ್ದವು, ದಾನವಾದವು.